ಕಂಪನಿಯಿಂದಲೇ ಹಿಂಗೆ ಬಂತು

"ಲೇ ಕರಿಯಾ, ದೂರ ನಿಲ್ಲೋ! ಇರೋ ಕರಿ ಮುಚ್ಚಿಸೋಕೇ ಬಂದಿದೀನಿ, ನಿಂದೂ ಬೇರೆ ಹತ್ತಿಸಬೇಡ ನನ್ನ ಕಾರಿಗೆ!"

ಸಾಹುಕಾರ ನನಗೆ ಹೀಗಂದದ್ದು ನಮ್ಮ ಪೇಂಟಿಂಗ್ ಶೆಡ್ಡಿನ ಬಾಗಿಲಲ್ಲಿ, ಬೀದಿಯವರ ಎದುರಿಗೆ. ಪಕ್ಕದ ಪಂಕ್ಚರ್ ಅಂಗಡಿಯವನು ನಕ್ಕ. ಟೀ ಲೋಟ ಹಿಡಿದಿದ್ದ ವೆಲ್ಡರ್ ನಕ್ಕ. ಸಾಹುಕಾರನ ಡ್ರೈವರ್ ತಾತ, ನಗದಿದ್ದರೆ ಕೆಲಸ ಹೋದೀತೆಂದು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಸೋದರಮಾವ. ಶೆಡ್ಡಿನ ಮೇಸ್ತ್ರಿ ಅವನೇ. ಆದರೆ ಜಾಗ ಸಾಹುಕಾರನದು. ಮಾವ, ಅತ್ತೆ ಸಂಸಾರ ಮಾಡುವುದು ಅದರ ಹಿಂದಿನ ಕೋಣೆಯಲ್ಲಿ, ನಾನು ಮಲಗುವುದು ಕಂಪ್ರೆಸರ್ ಪಕ್ಕದಲ್ಲಿ. ಹಾಗಾಗಿ ಸಾಹುಕಾರ ಕೆಮ್ಮಿದರೂ ನಮ್ಮ ಮಾವನಿಗೆ ನಗು ಬರುತ್ತದೆ.

ಕಾರು ಹೊಸದು. ಟೊಮೆಟೊ ಹಣ್ಣಿನ ಕೆಂಪು. ಆದರೆ ಕಡಿಮೆ ಮಾಡೆಲ್ಲು, ಅದನ್ನು ಹಾದಿಯಲ್ಲಿ ಹೋಗುವವರೂ ಹೇಳಬಹುದು. ಬಾಗಿಲಿನ ಹ್ಯಾಂಡಲ್ ಕಪ್ಪು ಪ್ಲಾಸ್ಟಿಕ್ಕು, ಸೈಡ್ ಕನ್ನಡಿಗಳ ಟೋಪಿ ಕಪ್ಪು, ಬಾಗಿಲ ಮೇಲೆ ಉದ್ದಕ್ಕೆ ಅಂಟಿಸಿದ ಪಟ್ಟಿ ಕಪ್ಪು, ಬಂಪರಿನ ತುಟಿಯೂ ಕಪ್ಪು. ಮೇಲಿನ ಮಾಡೆಲ್ಲಿನಲ್ಲಿ ಇವೆಲ್ಲ ಕಾರಿನ ಮೈಬಣ್ಣದಲ್ಲೇ ಇರುತ್ತವೆ. ಸಾಹುಕಾರನ ಷಡ್ಡಕ ಅದೇ ಕಾರು, ಅದೇ ಕೆಂಪು, ಮೇಲಿನ ಮಾಡೆಲ್ಲು ತೆಗೆದುಕೊಂಡಿದ್ದ. ಸಾಹುಕಾರ ಹೊಟ್ಟೆ ಉರಿ ತಾಳಲಾರದೆ ಫೋನಿನಲ್ಲಿ "ನಂದೂ ಅದೇ ಮಾಡೆಲ್ಲು" ಅಂದುಬಿಟ್ಟಿದ್ದ. ಭಾನುವಾರ ಷಡ್ಡಕನ ಮನೆಯವರು ಊಟಕ್ಕೆ ಬರುವವರಿದ್ದರು.

"ಅಷ್ಟರೊಳಗೆ ಒಂದು ಚೂರು ಕರಿ ಕಾಣಬಾರದು. ಕಂಪನಿಯಿಂದಲೇ ಹಿಂಗೆ ಬಂತು ಅನ್ಬೇಕು ನೋಡಿದೋರು. ಗುಟ್ಟು ಏನಾದ್ರೂ ಆಚೆ ಬಿತ್ತೋ, ಮಾರನೇ ದಿನಾನೇ ಶೆಡ್ಡು ಖಾಲಿ ಮಾಡ್ಕೊಂಡು ನಡೀರಿ."

"ಆಯ್ತು ಯಜಮಾನ್ರೇ, ಆಯ್ತಾಯ್ತು, ಆಯ್ತು," ಅಂದ ಮಾವ. ಒಂದು 'ಆಯ್ತು' ಸಾಕಿತ್ತು.

"ಮತ್ತೆ ಈ ಬೋಳಿಮಗ ಸೀಟ್ ಮೇಲೆ ಕೂರಬಾರದು, ಹೇಳಿರ್ತೀನಿ."

ಕಾವಲಿಗೆ ಡ್ರೈವರ್ ತಾತನನ್ನು ಬಿಟ್ಟು ಸಾಹುಕಾರ ಹೋದ. ಅವನು ಬೀದಿ ತಿರುವು ದಾಟಿದ್ದೇ ತಾತ ಬಾಗಿಲು ತೆಗೆದು, "ಕೂತ್ಕೊಳ್ಳೋ ಮಗಾ, ಮೆತ್ತಗಿದೆ," ಅಂದ. ಕೂತೆ. ಮೆತ್ತಗೇ ಇತ್ತು. ತಿಗ ಮೆತ್ತಗಾದರೂ ಎದೆಯ ಬೆಂಕಿ ಆರಲಿಲ್ಲ.

ಶಾಲೆ ಬಿಟ್ಟು ಶೆಡ್ಡಿಗೆ ಬಂದಾಗಿನಿಂದ ನನ್ನ ಕೆಲಸ ಉಜ್ಜುವುದು. ಬಣ್ಣ ಹೊಡೆಯುವ ಗನ್ ಹಿಡಿಯುವುದು ಮಾವ. ಕಂಡವರ ಕಾರನ್ನೆಲ್ಲ ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳೇ ಸವೆದಿದ್ದವು. ಒಂದೇ ಒಂದು ಸಲ ಗನ್ ಕೊಡು ಮಾವ ಅಂದರೆ, ಮಗು ಚಾಕು ಕೇಳಿದ ಹಾಗೆ ಕಣ್ಣು ಬಿಡುತ್ತಿದ್ದ. ಅಂಥವನು ಅವತ್ತು ತಾನಾಗಿಯೇ ತಂದು ಕೈಗಿಟ್ಟ.

"ನೀನೇ ಹೊಡಿಯೋ."

"ಇದೇನ್ ಮಾವ, ಇದ್ದಕ್ಕಿದ್ದಂಗೆ ಪ್ರೀತಿ ಉಕ್ತಾ ಇದೆ?"

"ಪ್ರೀತಿ ಅಲ್ಲ ಕಣೋ ಮುಂಡೇದೇ. ಕೆಟ್ಟರೆ 'ಅಳಿಯ ಕೆಡಿಸಿದ' ಅನ್ನೋಕೆ ಒಬ್ಬ ಬೇಡ್ವಾ?"

"ಚೆನ್ನಾಗಿ ಬಂದ್ರೆ?"

"ಚೆನ್ನಾಗಿ ಬಂದ್ರೆ ಶೆಡ್ಡು ಉಳೀತು ಅಂತ ತಿಳ್ಕೋ."

ಒಳಗಿನಿಂದ ಅತ್ತೆ, "ಚೆನ್ನಾಗಿ ಬಂದ್ರೆ ಇನ್ಮೇಲೆ ಅವನೇ ಹೊಡೀಲಿ ಬಿಡ್ರೀ. ನಿಮ್ಮ ಕೈ ನಡುಗೋದು ನನಗೆ ಗೊತ್ತಿಲ್ವಾ?" ಎಂದು ಕೂಗಿದಳು. ಮಾವ ಗನ್ನಿಗೆ ಗಾಳಿಯ ಪೈಪು ಸಿಕ್ಕಿಸಿ ಕೊಟ್ಟ. ಆಗಲ್ಲ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಕಪ್ಪು ತುಂಡುಗಳನ್ನೆಲ್ಲ ಬಿಚ್ಚಿ, ಸೋಪು ನೀರಿನಲ್ಲಿ ತೊಳೆದು, ವಾಟರ್ ಪೇಪರ್ ಹಾಕಿ ಉಜ್ಜಿದೆ. ಪ್ಲಾಸ್ಟಿಕ್ಕಿನ ಜಂಬ ಇಳಿಯುವ ತನಕ ಉಜ್ಜಬೇಕು, ಇಲ್ಲದಿದ್ದರೆ ಅದು ಬಣ್ಣವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ತಂತಿಗೆ ಸಾಲಾಗಿ ನೇತುಹಾಕಿದೆ, ಒಣಮೀನಿನ ಅಂಗಡಿಯ ಹಾಗೆ. ಪ್ರೈಮರ್ ಹೊಡೆದು ಒಣಗಿಸಿ, ಗನ್ನಿಗೆ ಕೆಂಪು ತುಂಬಿದೆ. ಗನ್ನಿನ ಕುದುರೆ ಒತ್ತಿದ ಕೂಡಲೇ 'ಸುಸ್ಸ್' ಅಂತ ಮಂಜು ಎದ್ದಿತು. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಮೂಗಿನೊಳಗೆ ಕೆಂಪು, ಕಿವಿಯೊಳಗೆ ಕೆಂಪು.

"ಇನ್ನೂ ತೆಳ್ಳಗೆ ಹೊಡಿಯೋ, ಸೋರುತ್ತೆ!" ಅಂತ ಮಾವ ಕುಣಿಯುತ್ತಿದ್ದ.

"ನನ್ನ ಹಲ್ಲಿಗೂ ಒಂದು ಕೋಟು ಎಳಿ ಮಗಾ," ಅಂತ ತಾತ ಬಾಯಿ ತೆರೆದು ತೋರಿಸಿದ. ಅಲ್ಲಿ ಎಳೆಯಲು ಹಲ್ಲೇ ಇರಲಿಲ್ಲ.

ಮೆರುಗು ಹೊಡೆದು, ಒಣಗಿಸಿ, ಎಲ್ಲವನ್ನೂ ಮತ್ತೆ ಕೂರಿಸಿದೆ. ದೂರ ನಿಂತು ನೋಡಿದೆ. ಬಾಗಿಲು ಎಲ್ಲಿ ಮುಗಿಯಿತು, ಹ್ಯಾಂಡಲ್ ಎಲ್ಲಿ ಶುರುವಾಯಿತು, ಹಚ್ಚಿದ ನನ್ನ ಕಣ್ಣಿಗೇ ಸಿಗಲಿಲ್ಲ. ಮಾವ ಬಗ್ಗಿ ನೋಡಿದ, ಕೂತು ನೋಡಿದ, ಉಗುರಿನಿಂದ ಕೆರೆದು ನೋಡಿದ.

"ಸೂಪರ್ ಕಣೋ. ನೀನು ಮಾಡಿದ್ದು ಅಂತ ಒಬ್ಬನೂ ಅನ್ನಲ್ಲ."

"ಹೊಗಳ್ತಿದೀಯೋ, ಬೈತಿದೀಯೋ?"

"ಈ ಕಸುಬಲ್ಲಿ ಎರಡೂ ಒಂದೇ," ಅಂದ ಮಾವ.

ಶನಿವಾರ ಸಾಹುಕಾರ ಬಂದ. ಕಾರಿಗೆ ಸುತ್ತು ಹಾಕಿದ. ತಪ್ಪು ಸಿಗದೆ ಅವನ ಮುಖ ಬಾಡುತ್ತಾ ಬಂತು. ಕೊನೆಗೆ ಮುಂದಿನ ಗಾಜಿನ ಎದುರು ನಿಂತಾಗ ಮತ್ತೆ ಅರಳಿತು.

"ಇವೇನೋ? ವೈಪರ್ ಕಡ್ಡಿ ಕರಿ ಉಳಿದಿದೆ!"

"ವೈಪರ್ ಎಲ್ಲಾ ಮಾಡೆಲ್ಲಲ್ಲೂ ಕರಿನೇ ಯಜಮಾನ್ರೇ," ಅಂದ ತಾತ.

"ನಿನ್ನ ಕೇಳಿದ್ನಾ? ಸ್ಟೇರಿಂಗ್ ತಿರುಗಿಸೋನು ನೀನು, ಅಷ್ಟು ಮಾಡು. ಕರಿ ಅಂದ್ರೆ ಕರಿ! ಬಳಿಯೋ ಲೇ!"

ಮಾವ ನನ್ನ ಕಾಲು ತುಳಿದ. ನಾನೇನು ಬೇಡ ಅನ್ನುವವನಿದ್ದೆನೇ? ಯಜಮಾನರ ಅಪ್ಪಣೆ ಆದರೆ ವೈಪರೇನು, ಅವರ ಮೀಸೆಗೂ ಹೊಡೆಯುತ್ತೇನೆ. ಆ ಮೀಸೆಯ ಕರಿಯಾದರೂ ಡಬ್ಬಿಯಿಂದ ಬಂದದ್ದೇ. ವೈಪರ್ ಕಡ್ಡಿಗಳಿಗೆ ಪ್ರೀತಿಯಿಂದ ಒಂದು ಕೋಟು ಜಾಸ್ತಿಯೇ ಹೊಡೆದೆ.

ಭಾನುವಾರ ಬೆಳಿಗ್ಗೆ ನನ್ನನ್ನು ಮನೆಗೆ ಕರೆಸಿದ. ನೆಂಟರು ಬರುವ ತನಕ ಕಾರಿನ ಮೇಲೆ ಧೂಳು ಕೂರದಂತೆ ಒರೆಸುತ್ತಿರಬೇಕಂತೆ. "ಅವರ ಕಾರು ಕಂಡಿದ್ದೇ ತೊಲಗು. ಯಾರಾದ್ರೂ ಕೇಳಿದ್ರೆ ತೋಟದ ಆಳು ಅನ್ನು," ಅಂದ.

ನಾನು ಹಿಂದಿನ ಗಾಜು ಒರೆಸುತ್ತಿರುವಾಗಲೇ ಷಡ್ಡಕನ ಕಾರು ಅಂಗಳಕ್ಕೆ ನುಗ್ಗಿ ಪಕ್ಕದಲ್ಲೇ ನಿಂತಿತು. ಅದೇ ಕೆಂಪು. ಹೆಂಗಸರು ಇಳಿದರು, ಮಕ್ಕಳು ಇಳಿದರು, ಸಾಹುಕಾರನ ಅತ್ತೆ ಮಾವ ಇಳಿದರು. ಷಡ್ಡಕ ಇಳಿದವನೇ ಯಾರನ್ನೂ ಮಾತಾಡಿಸದೆ ಸಾಹುಕಾರನ ಕಾರಿನ ಸುತ್ತ ಹೊರಟ, ಹಾಲಿನ ವಾಸನೆ ಹಿಡಿದ ಬೆಕ್ಕಿನ ಹಾಗೆ. ಹ್ಯಾಂಡಲ್ ಸವರಿದ. ಬಂಪರಿಗೆ ಬಗ್ಗಿದ. ಏನೂ ಸಿಗಲಿಲ್ಲ. ಸಾಹುಕಾರನ ಎದೆ ಉಬ್ಬಿತು. ಆಮೇಲೆ ಷಡ್ಡಕ ಮುಂದಕ್ಕೆ ಬಂದು ನಿಂತ.

"ಅಣ್ಣಾ, ವೈಪರ್ ಯಾಕೆ ಕೆಂಪು?"

"ಅದು... ಹಂಗೇ."

"ನಂದೂ ಇದೇ ಮಾಡೆಲ್ಲು. ನನ್ನ ಕಾರಿಗೆ ಯಾಕೆ ಲಿಪ್‌ಸ್ಟಿಕ್ ಹಚ್ಚಿ ಕಳಿಸಲಿಲ್ಲ?"

ಮಕ್ಕಳು ಕಿಸಕ್ಕೆಂದವು. ಸಾಹುಕಾರನ ಹೆಂಡತಿ ಸೆರಗು ಬಾಯಿಗೆ ಹಿಡಿದಳು.

"ಕಂಪನಿಯಿಂದಲೇ ಹಿಂಗೆ ಬಂತು," ಅಂದ ಸಾಹುಕಾರ.

ಷಡ್ಡಕನ ಕಣ್ಣು ಆಗ ನನ್ನ ಮೇಲೆ ಬಿತ್ತು. ಮೊದಲು ಕೈ, ಆಮೇಲೆ ಕಿವಿ.

"ಇವನ್ಯಾರು?"

"ತೋಟದ ಆಳು."

"ತೋಟದಲ್ಲಿ ಟೊಮೆಟೊ ಹಾಕಿದೀರಾ? ಉಗುರೆಲ್ಲಾ ಕೆಂಪು!" ಅಂಗಳಕ್ಕೆ ಅಂಗಳವೇ ನಕ್ಕಿತು. ಷಡ್ಡಕ ನನ್ನ ಹೆಗಲ ಮೇಲೆ ಕೈ ಹಾಕಿದ. "ಏ ತಮ್ಮಾ, ನಿಜ ಹೇಳು. ಹ್ಯಾಂಡಲ್ಲು, ಪಟ್ಟಿ, ಬಂಪರ್ರು, ಇವೆಲ್ಲಾ ನೀನೇ ಹೊಡೆದದ್ದಾ? ಹೌದಾದ್ರೆ ಕೈ ಅಂದ್ರೆ ಕೈ ಕಣೋ! ನನಗೆ ಒಂದು ಗೆರೆ ಸಿಗಲಿಲ್ಲ. ಯಾರ ಶೆಡ್ಡು ನಿಮ್ದು?"

ಹುಟ್ಟಿದ ಮೇಲೆ ನನ್ನ ಕೈಯನ್ನು ಯಾರಾದರೂ ಎಲ್ಲರೆದುರು ಹೊಗಳಿದ್ದು ಅದೇ ಮೊದಲು. 'ಹೂಂ' ನಾಲಿಗೆಯ ತುದಿಗೆ ಬಂದು ಕೂತಿತು. ಹೂಂ ಅಂದರೆ ನಾಳೆ ಅತ್ತೆಯ ಪಾತ್ರೆ ಬೀದಿಯಲ್ಲಿ. ಊಹೂಂ ಅಂದರೆ ಆ ಕೆಲಸ ಯಾವುದೋ ಕಂಪನಿಯದು, ನಾನು ಮತ್ತೆ ಉಜ್ಜುವವನು.

"ಹೇಳಪ್ಪಾ," ಅಂದ ಸಾಹುಕಾರ.

ಅಪ್ಪಾ! ಯಾರನ್ನು ಕರೆದ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಹೇಳು ರಾಜಾ. ಕಂಪನಿಯಿಂದ ಬಂದದ್ದು ಅಂತ ಒಂದು ಮಾತು ಹೇಳಿಬಿಡು. ಇವರು ತಮಾಷೆ ಮಾಡ್ತಿದಾರೆ ನೋಡು." ಇಡೀ ಅಂಗಳ ನನ್ನ ಬಾಯಿಯನ್ನೇ ನೋಡುತ್ತಿತ್ತು. ಈ ದೊಡ್ಡ ಮನುಷ್ಯನ ಮಾನ ನನ್ನ ಒಂದು ಊಹೂಂಗೆ ಕೈ ಚಾಚಿ ನಿಂತಿತ್ತು.

ನಾನು ಒರೆಸುವ ಬಟ್ಟೆಯನ್ನು ಮಡಚಿದೆ. ಬಾನೆಟ್ಟಿನ ಮೇಲೆ ಇಟ್ಟೆ. ಎರಡು ಕೆಂಪು ಕಾರುಗಳ ನಡುವೆ ದಾರಿ ಮಾಡಿಕೊಂಡು ಹೊರಟೆ.

"ಅಯ್ಯೋ, ಹೇಳ್ದೇನೇ ಹೊರಟ!" ಎಂದು ಷಡ್ಡಕ ಹೊಟ್ಟೆ ಹಿಡಿದು ನಗತೊಡಗಿದ.

"ಲೇ... ನಿಲ್ಲಪ್ಪಾ!" ಸಾಹುಕಾರನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಬಂತು. "ಬಾರಪ್ಪಾ ಇಲ್ಲಿ... ಊಟನಾದ್ರೂ ಮಾಡ್ಕೊಂಡು ಹೋಗಪ್ಪಾ..."

ನಾನು ಬೀದಿಗಿಳಿದು ನಡೆದೆ.