ರವಿಕೆಯ ತೋಳು

ಫೋಟೊ ತೆಗೆಯುವ ಮೊದಲು ಗಂಗಾಧರಸ್ವಾಮಿ ಕತ್ತರಿ ತರಿಸಿ ಮಂಚಮ್ಮನ ರವಿಕೆಯ ಎಡತೋಳನ್ನು ಕತ್ತರಿಸಿ ಜೋಲುಬಿಟ್ಟ. ತಲೆಗೆ ಕಲ್ಲುಪಾಲಿಶಿನ ಕೆಸರು ಬಳಿಸಿದ.

ಫೋಟೊ ಎಂದಿದ್ದಕ್ಕೆ ಅವಳು ಮಗಳ ಮದುವೆಯಲ್ಲಿ ಹೊಲಿಸಿದ ಜರಿಯಂಚಿನ ರವಿಕೆ ತೊಟ್ಟು, ಎಣ್ಣೆ ಹಚ್ಚಿ ಬಾಚಿ, ಕನಕಾಂಬರ ಮುಡಿದು ಬಂದಿದ್ದಳು.

"ಒಸಾ ರವ್ಕೆ ಕಣ್ ಬುದ್ದಿ..."

"ಅದ್ಕೇ ಕತ್ತರ್ಸಿದ್ದು. ಆ ಊವ ಕಿತ್ತಾಕಮ್ಮಿ, ಬೀಗರೂಟುಕ್ ಬಂದಿದ್ದೀಯಾ?"

ಕತ್ತರಿ ತಂದುಕೊಟ್ಟವನು ಅವಳ ಮಗ ಕನಕರಾಜು. ಯಾಕೆಂದು ಅವನು ಕೇಳಿರಲಿಲ್ಲ.

ಹರದನಹಳ್ಳಿ ರಸ್ತೆಯ ಕರಿಕಲ್ಲು ಫ್ಯಾಕ್ಟರಿ ಗಂಗಾಧರಸ್ವಾಮಿಯದು. ತಾಯಿ ಅಲ್ಲಿ ಕೆಸರು ಹೊರುತ್ತಾಳೆ, ಮಗ ಸಮಾಧಿ ಕಲ್ಲುಗಳ ಮೇಲೆ ಸತ್ತವರ ಮುಖ ಕೊರೆಯುತ್ತಾನೆ. ಇರುವುದು ಹಿಂದಿನ ಶೆಡ್ಡಿನಲ್ಲಿ, ಅದೂ ಧಣಿಯದೇ. ಗುಂಡ್ಲುಪೇಟೆ ಕಡೆಯ ರೆಸಾರ್ಟೊಂದು ಈ ಸಲ ಊಟದ ಹಾಲಿನ ಗೋಡೆಗೆ ಚಿತ್ರ ಕೇಳಿತ್ತು. ಬ್ರಿಟಿಷ್ ರಾಣಿಯ ಕಾಲದಲ್ಲಿ ಲಂಡನ್ನಿನ ಪತ್ರಿಕೆಗಳಿಗೆಂದು ಮರದಲ್ಲಿ ಕೊರೆದು ಅಚ್ಚು ಹಾಕಿದ್ದ ಬಡವರ ಚಿತ್ರಗಳು. ಸೇತುವೆ ಕೆಳಗೆ ಮಲಗಿದವರು, ಗಂಜಿಗೆ ಸಾಲು ನಿಂತವರು, ಚಿಂದಿ ಆಯುವ ಮುದುಕಿ. ಕನಕರಾಜು ಮೊಬೈಲು ನೋಡಿಕೊಂಡು ಎಲ್ಲವನ್ನೂ ಕಲ್ಲಿಗಿಳಿಸಿದ್ದ. ಕೊನೆಗೆ ರೆಸಾರ್ಟಿನವರು, ಇಲ್ಲಿಯ ಬಡವರದೂ ಒಂದಿರಲಿ ಎಂದರು. ಅದಕ್ಕೇ ಮಂಚಮ್ಮನ ಫೋಟೊ.

ಫೋಟೊ ತೆಗೆದ ಮೇಲೆ ಶೆಡ್ಡಿನಲ್ಲಿ ಮಂಚಮ್ಮ ರವಿಕೆಯ ತೋಳಿಗೆ ಕರಿದಾರ ಹಾಕಿ ಹೊಲಿಯುತ್ತಿದ್ದಳು.

"ಸತ್ತೋರ್ ಮುಕ ಅಲ್ವ್ಲಾ ಕಲ್ಲಿಗಾಕೋದು? ನಿಮ್ಮಪ್ಪುನ್ ಗುಂಡಿ ಮೇಲೆ ನೆಡಾಕೆ ಒಂದ್ ಒಡಕಲ್ಲು ಕೇಳುದ್ರೆ ದಣಿ ಕೊಡ್ನಿಲ್ಲ. ಬದ್ಕಿರೋ ನಂಗೆ ಕಲ್ಲಂತೆ!"

"ಗೋಡೆಗ್ ಕಣವ್ವ."

"ಅಲ್ಲಿ ಉಣ್ಣೋರು ನನ್ ಕಂಕುಳು ನೋಡ್ಕಂಡ್ ಉಣ್ಬೇಕಾ?"

ಅವನು ಉಳಿ ತೆಗೆದುಕೊಂಡು ಕಲ್ಲಿನತ್ತ ಹೋದ.

ಕಲ್ಲು ಮುಗಿದ ಮೇಲೆ ಗಂಗಾಧರಸ್ವಾಮಿ ನೋಡಲು ಬಂದ. ಕರಿಕಲ್ಲಿನ ಮೇಲೆ ಮಂಚಮ್ಮನ ರವಿಕೆಯ ತೋಳು ಇಡಿಯಾಗಿತ್ತು. ಅಂಚಿನ ಜರಿಯ ಎಳೆ ಎಳೆಯೂ ಬೆಳ್ಳಗೆ ಕಾಣುತ್ತಿತ್ತು. ತಲೆಯಲ್ಲಿ ಕನಕಾಂಬರ.

"ಫೋಟೊದಾಗೆ ಇಂಗದೇನ್ಲಾ ಬೋಳಿಮಗ್ನೆ?"

"ಕತ್ತರ್ಸಕ್ ಮುಂಚೆ ಇಂಗಿತ್ತು ಬುದ್ದಿ."

"ಲಂಡನ್ ಮುದ್ಕಿ ಪಕ್ಕ ನಿಮ್ಮವ್ವ ಬೀಗಿತಿ ತರ ಕುಂತವ್ಳೆ! ತೋಳ್ ಮೇಲೆ ನಾಲ್ಕ್ ಗೀಟೆಳಿ. ಅರ್ದೋದಂಗ್ ಕಾಣ್ಲಿ."

ಕರಿಕಲ್ಲಿನ ಮೇಲೆ ಗೀರಿದ್ದನ್ನು ಅಳಿಸಲಾಗದು. ಗೀರುವುದಕ್ಕೆ ಮಾತ್ರ ಅರೆಗಳಿಗೆ ಸಾಕು. ಕನಕರಾಜು ಉಳಿಯನ್ನು ಕೆಳಗಿಟ್ಟ.

"ನಿಂಗಯ್ಯ, ಇವ್ರ್ ಶೆಡ್ಡಿನ್ ಶೀಟ್ ಬಿಚ್ಲಾ."

ಕೂಲಿಯವನಾದ ನಿಂಗಯ್ಯ ಯಾರ ಮುಖವನ್ನೂ ನೋಡದೆ ಏಣಿ ಹತ್ತಿದ. ಸೂರಿನ ಮೊದಲ ಶೀಟು ಸದ್ದುಮಾಡಿಕೊಂಡು ಕೆಳಗೆ ಬಿತ್ತು. ಒಲೆಯ ಮೇಲಿದ್ದ ಹಿಟ್ಟಿನ ಮಡಕೆಗೆ ಬಿಸಿಲು ಬಡಿಯಿತು. ಮಂಚಮ್ಮ ಕೆಸರಿನ ಬಾಂಡಲಿ ಅಲ್ಲೇ ಬಿಟ್ಟು ಓಡಿಬಂದಳು. ಅದೇ ರವಿಕೆಯ ತೋಳಿನ ಮೇಲೆ ಕರಿದಾರದ ಹೊಲಿಗೆ ಉದ್ದಕ್ಕೂ ಎದ್ದು ಕಾಣುತ್ತಿತ್ತು.

"ಎಳ್ದ್ಬುಡು ಮಗ. ಮೈ ಮೇಲಿಂದೇ ಓಯ್ತು, ಕಲ್ಲಿಂದು ಓದ್ರೇನು? ಎಲ್ಲಿಗೋಗನ ಹೇಳು?"

"ಕೇಳುಸ್ತಾ? ನಿಮ್ಮವ್ವನೇ ಏಳ್ತಾವ್ಳೆ," ಎಂದ ಗಂಗಾಧರಸ್ವಾಮಿ.

ಇನ್ನೊಂದು ಶೀಟು ಬಿತ್ತು. ಮಂಚಮ್ಮ ಉಳಿ ಎತ್ತಿ ಮಗನ ಅಂಗೈಗಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದಳು.

"ನಿನ್ ಕಾಲಿಗ್ ಬೀಳ್ತೀನಿ ಕಣಪ್ಪ, ಎಳಿ."

"ಎಳಿಯಾಕಿಲ್ಲ ಕಣವ್ವ."