ನಾಲಿಗಿ ಬಿಡ್ರಿ ಅಪ್ಪಾ!

ಮೊಮ್ಮಗಳು ಗೋದಾ ಪುಸ್ತಕ ಹಿಡಿದು ಕೂತರೆ ಹಡಪಸರದ ಪಾರವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂದು ಬೆಳಿಗ್ಗೆಯಂತೂ ಕೇಳಲೇಬೇಡಿ! ಎಮ್ಮೆ ಮೇಯಿಸಲು ಹೋದ ಹುಡುಗಿ ಬದುವಿನ ಮೇಲೆ ಕೂತು ಪುಸ್ತಕದಲ್ಲಿ ಮುಳುಗಿದ್ದಳು. ಎಮ್ಮೆ ಚಂದ್ರಿ ಪಕ್ಕದ ಹೊಲಕ್ಕೆ ನುಗ್ಗಿ, ಇಬ್ಬನಿ ಆರದ ಕುದುರೆಮೆಂತ್ಯದ ಹಸಿಮೇವನ್ನು ಗಬಗಬನೆ ತಿಂದಿತ್ತು. ಮನೆಗೆ ಬರುವಷ್ಟರಲ್ಲಿ ಅದರ ಎಡಹೊಟ್ಟೆ ನಗಾರಿಯಂತೆ ಉಬ್ಬಿತ್ತು.

“ನೋಡಪಾ ನಿನ್ನ ಮಗಳ ಪ್ರತಾಪ! ಪುಸ್ತಕಾ ಓದಿ ಓದಿ ಎಮ್ಮಿ ಕೊಂದ್ಲು,” ಎಂದು ಪಾರವ್ವ ಮಗನ ಮುಂದೆ ಬಾಯಿ ಮಾಡಿದಳು.

ಮಗ ರಾಮಲಿಂಗಪ್ಪ ಎಮ್ಮೆಯ ಬಳಿಗೆ ಓಡಿದ. ಧಾರವಾಡದ ಕಡೆಯಿಂದ ಬಂದು ದಂಡಿನ ಕ್ಯಾಂಪಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಈ ಎಮ್ಮೆಯ ಹಾಲೇ ದೊಡ್ಡ ಆಸರೆ. ಯುದ್ಧದ ಕಾಲ ಬೇರೆ. ಇದು ಹೋದರೆ ಇನ್ನೊಂದನ್ನು ತರುವ ಮಾತೆಲ್ಲಿ?

“ಆ ಪುಸ್ತಕಾ ಇವತ್ತ ಹೊಳ್ಳಿ ಕೊಟ್ಟು ಬಾ. ಇನ್ನ ಮ್ಯಾಲೆ ನಿನ್ನ ಕೈಯಾಗ ಪುಸ್ತಕಾ ಕಂಡ್ರ ನೋಡು!” ಎಂದು ಮಗಳನ್ನು ಗದರಿಸಿದ.

ಗೋದಾಳ ಕಣ್ಣು ತುಂಬಿತು. ತಪ್ಪು ತನ್ನದಲ್ಲ ಎನ್ನುವಂತಿರಲಿಲ್ಲ. ಆದರೆ ಆ ಪುಸ್ತಕ ಬಿಟ್ಟಿರುವುದು ಹೇಗೆ? ಹಳ್ಳಿಹಳ್ಳಿ ಸುತ್ತುವ ದನದ ಡಾಕ್ಟರನೊಬ್ಬನ ಕಥೆ ಅದು. ಅವನು ಕೆಸರಿನಲ್ಲಿ ಮೊಣಕಾಲೂರಿ ಈಯಲಾರದ ಹಸುವಿನ ಕರುವನ್ನು ಹೊರಗೆಳೆಯುತ್ತಾನೆ, ಒದೆ ತಿನ್ನುತ್ತಾನೆ, ದನ ಬದುಕಿದರೆ ಕೂಸಿನ ಹಾಗೆ ನಗುತ್ತಾನೆ. ದನ ಯಾಕೆ ಮೆಲುಕು ಹಾಕುತ್ತದೆ, ಅದರ ಹೊಟ್ಟೆಯೊಳಗೆ ಏನು ಗುಡುಗುತ್ತದೆ? ಓದಿದಷ್ಟೂ ಅವಳಿಗೆ ತಿಳಿಯುವ ಹುಚ್ಚು ಏರುತ್ತಿತ್ತು. ಮೊನ್ನೆ ಚಂದ್ರಿಯ ಹೊಟ್ಟೆಗೆ ಕಿವಿ ಹಚ್ಚಿ ನಿಂತು ಬಾಲದ ಏಟನ್ನೂ ತಿಂದಿದ್ದಳು!

ಪುಸ್ತಕ ಕೊಟ್ಟಿದ್ದ ಪಕ್ಕದ ಮನೆಯ ರಂಗೂಬಾಯಿ ಶಾಲೆಯಲ್ಲಿ ಕಲಿಸುವ ಅಕ್ಕೋರು. ಸುದ್ದಿ ಕೇಳಿ ಅವರು ಓಡಿಬಂದರು. “ದನದ ಡಾಕ್ಟರಿಗೆ ಹೇಳಿ ಕಳಿಸೀನ್ರಿ. ಅಲ್ಲೀತನಕಾ ಎಮ್ಮಿ ಮುಂಗಾಲು ಎತ್ತರದಾಗ ಇರೂ ಹಂಗ ನಿಲ್ಲಸ್ರಿ.”

“ಡಾಕ್ಟರ ಬರೂದ್ರಾಗ ಇದು ಸತ್ತ ಹೋಗ್ತದ,” ಎಂದು ಪಾರವ್ವ ಗೊಟ್ಟದಲ್ಲಿ ಎಣ್ಣೆ ತುಂಬಿದಳು. ಗೊಟ್ಟವೆಂದರೆ ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ. ಹಿರಿಯರು ಮಾಡುತ್ತ ಬಂದಂತೆಯೇ ರಾಮಲಿಂಗಪ್ಪ ಎಮ್ಮೆಯ ಮುಸುಡಿಯನ್ನು ಮೇಲಕ್ಕೆತ್ತಿ, ನಾಲಿಗೆಯನ್ನು ಹೊರಗೆ ಜಗ್ಗಿ ಹಿಡಿದ.

“ನಾಲಿಗಿ ಬಿಡ್ರಿ ಅಪ್ಪಾ!” ಗೋದಾ ಅಡ್ಡ ಬಂದಳು. “ಎಣ್ಣಿ ಉಸಿರಾಡೂ ಪುಪ್ಪುಸಕ್ಕ ಇಳೀತದ. ಎಮ್ಮಿ ಸಾಯ್ತದ!”

“ಸಾಕ ಮಾಡ ನಿನ್ನ ಪುಸ್ತಕದ ಪುರಾಣ,” ಎಂದಳು ಅಜ್ಜಿ.

ಗೋದಾ ತಂಬಿಗೆ ನೀರು ತಂದು ಅಪ್ಪನ ಮುಂದೆ ಹಿಡಿದಳು. “ನೀವು ತಲಿ ಮ್ಯಾಲೆ ಮಾಡಿ, ನಿಮ್ಮ ನಾಲಿಗಿ ಹೊರಗ ಹಿಡಕೊಂಡು, ಒಂದ ಗುಟುಕು ನುಂಗಿ ತೋರಸ್ರಿ. ಆಮ್ಯಾಲೆ ಚಂದ್ರಿಗೆ ಹಾಕ್ರಿ.”

ರಾಮಲಿಂಗಪ್ಪ ಸಿಡುಕುತ್ತಲೇ ನಾಲಿಗೆ ಹಿಡಿದು ನೀರು ಹನಿಸಿಕೊಂಡ. ನೀರು ಸೀದಾ ಮೂಗಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗಾದವು. ರಂಗೂಬಾಯಿ ಸೆರಗು ಬಾಯಿಗಿಟ್ಟು ನಕ್ಕರು.

ಪಾರವ್ವ ಮಾತ್ರ ನಗಲಿಲ್ಲ. “ಅಯ್ಯ ಶಿವನ! ಹೋದ ವರ್ಷ ನಮ್ಮ ಓಣಿ ಶಿವಪ್ಪನ ಎತ್ತು ಗೊಟ್ಟಾ ಹಾಕಿದ ಮ್ಯಾಲೆ ಹಿಂಗ ಕೆಮ್ಮಿ ಕೆಮ್ಮಿ ಸತ್ತಿತು. ನಾ ದೃಷ್ಟಿ ತಾಗೇದ ಅಂದಿದ್ದೆ... ಹೆಂಗ ಹಾಕೂದು, ನೀನ ಹೇಳ ಗೋದಾ.”

ಗೋದಾ ಪುಸ್ತಕದಲ್ಲಿ ಓದಿದ್ದನ್ನು ಹೇಳಿದಳು. ತಲೆ ನೇರವಾಗಿರಲಿ, ನಾಲಿಗೆ ಮುಟ್ಟಬೇಡಿ, ಬಾಯಿಯ ಮಗ್ಗುಲಿನಿಂದ ತುಸುತುಸುವೇ ಸುರಿಯಿರಿ, ಕೆಮ್ಮಿದರೆ ಕೂಡಲೇ ನಿಲ್ಲಿಸಿ. ಎಣ್ಣೆ ಒಳಗಿಳಿಯಿತು. ಸರಕಾರಿ ದವಾಖಾನೆಯ ಡಾಕ್ಟರು ಸೈಕಲ್ ನಿಲ್ಲಿಸುವಾಗ ಚಂದ್ರಿ ಓಣಿಗೆಲ್ಲ ಕೇಳುವಂತೆ ತೇಗಿತು.

ಡಾಕ್ಟರು ಹೊಟ್ಟೆ ಬಡಿದು ನೋಡಿದರು. ನಡೆದದ್ದೆಲ್ಲ ಕೇಳಿ “ಶಾಬ್ಬಾಸ್ ಪೋರೀ!” ಎಂದರು. “ಆದರ ಎಲ್ಲಾ ಉಬ್ಬರಾ ಎಣ್ಣಿಗೆ ಇಳಿಯೂದಿಲ್ಲ. ಮೊದಲ ನಮ್ಮನ್ನ ಕರೀರಿ.”

“ಹುಡುಗ್ಯಾರು ದನದ ಡಾಕ್ಟರ ಆಗಬಹುದೇನ್ರಿ?” ಗೋದಾ ಕೇಳಿಯೇಬಿಟ್ಟಳು.

ಡಾಕ್ಟರು ತಲೆ ಕೆರೆದುಕೊಂಡರು. “ನಾ ಅಂತೂ ಇನ್ನೂ ಒಬ್ಬಾಕಿನ್ನೂ ನೋಡಿಲ್ಲ. ಓದೂದು ಬಿಡಬ್ಯಾಡ.”

ಸಂಜೆ ರಾಮಲಿಂಗಪ್ಪ ತಾನೇ ಆ ಪುಸ್ತಕ ತೆಗೆದುಕೊಂಡು ಅಕ್ಕೋರ ಮನೆಗೆ ಹೋದ. ಎಲ್ಲ ಮುಗಿಯಿತೆಂದು ಗೋದಾ ಮೂಲೆ ಹಿಡಿದಳು. ಅವನು ಮರಳಿ ಬಂದಾಗ ಕೈಯಲ್ಲಿ ಅದೇ ಪುಸ್ತಕ, ಜೊತೆಗೆ ಇನ್ನೊಂದು.

“ಗಟ್ಟಿಯಾಗಿ ಓದು. ಅಜ್ಜಿನೂ ಕೇಳ್ತಾಳಂತ. ಆದ್ರ ಮೊದಲ ಎಮ್ಮಿ ಕಟ್ಟು!”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಸಿದ ದನವನ್ನು ಒದ್ದೆ ಹಸಿಮೇವಿಗೆ ಬಿಡಬೇಡಿ. ಹೊಟ್ಟೆ ಉಬ್ಬಿದರೆ ತಡಮಾಡದೆ ಡಾಕ್ಟರನ್ನು ಕರೆಸಿ. ಗೊಟ್ಟ ಹಾಕುವಾಗ ನಾಲಿಗೆ ಜಗ್ಗಬೇಡಿ. ನಂಬಿಕೆ ಬಾರದಿದ್ದರೆ ರಾಮಲಿಂಗಪ್ಪನನ್ನು ಕೇಳಿ. ನಿಮ್ಮ ಮನೆಯ ಹುಡುಗಿ ಪುಸ್ತಕ ಹಿಡಿದು ಕೂತರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತು, ಅದರಲ್ಲಿ ಏನಿದೆ ಎಂದು ಕೇಳಿ.