ಕದಿರಮ್ಮನ ಮಂಚ ಅಂಗಳಕ್ಕೆ ಬಂದದ್ದೇಕೆ

೧೯೮೪ರ ಫೆಬ್ರವರಿಯಲ್ಲಿ ಅನಸೂಯ ಹೋದಾಗ ಕದಿರಮ್ಮನ ಮಂಚ ಮತ್ತೆ ಅಂಗಳಕ್ಕೆ ಬಂದಿತ್ತು. ಜನವರಿಯಲ್ಲಿಯೂ ಒಮ್ಮೆ ಹೀಗೇ ಆಗಿತ್ತು. ತೆಂಗಿನ ಗರಿಯ ಚಪ್ಪರದ ಕೆಳಗೆ, ಚಳಿಗೆ ಎರಡು ಕಂಬಳಿ ಹೊದ್ದು ಮುದುಕಿ ಮಲಗಿದ್ದಳು. ಒಂದು ವಾರದ ನಂತರ ಅನಸೂಯ ಅದೇ ದಾರಿಯಲ್ಲಿ ಬಂದಾಗ ಮಂಚ ನಡುಮನೆಗೆ ಹೋಗಿತ್ತು. ಈಗ ಪುನಃ ಹೊರಗೆ.

ಊರು ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಅಲ್ಲಿಂದ ಮುಂದೆ ಆಂಧ್ರದ ಗಡಿ. ಅನಸೂಯ ಮಾಲೂರಿನವಳು, ನರ್ಸಿಂಗ್ ಓದಿದವಳು. ಬೆಂಗಳೂರಿನ ವೈದ್ಯರೊಬ್ಬರು ಒಂದು ಅಧ್ಯಯನ ಕೈಗೊಂಡಿದ್ದರು. ಗುಣವಾಗುವುದಿಲ್ಲ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಕ್ಯಾನ್ಸರ್ ರೋಗಿಗಳು ಕೊನೆಯ ತಿಂಗಳುಗಳನ್ನು ಹೇಗೆ ಕಳೆಯುತ್ತಾರೆ, ನೋವಿಗೆ ಏನು ಮಾಡುತ್ತಾರೆ, ತಾವು ಸಾಯುತ್ತಿರುವುದು ಅವರಿಗೆ ಗೊತ್ತಿರುತ್ತದೆಯೇ ಎಂಬುದು ಅದರ ವಿಷಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೋಗಿಗಳನ್ನು ಅನಸೂಯ ನೋಡಿಕೊಳ್ಳುತ್ತಿದ್ದಳು. ವೈದ್ಯರು ಒಂದು ನಿಯಮ ಹಾಕಿದ್ದರು. ರೋಗಿಗೆ ಏನು ಗೊತ್ತಿದೆ ಎಂದು ಮೊದಲು ಕೇಳಬೇಕು. ರೋಗಿ ತಾನಾಗಿ ಕೇಳದ ಹೊರತು ಸಾವಿನ ಮಾತು ಎತ್ತಬಾರದು.

ಕದಿರಮ್ಮನಿಗೆ ಅರವತ್ತು ದಾಟಿತ್ತು. ಬಲಗೆನ್ನೆಯ ಒಳಗೆ ಹುಟ್ಟಿದ ಹುಣ್ಣು ಈಗ ಹೊರಗೂ ಒಡೆದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟು, ಇನ್ನು ಕೊಡಲು ಬರುವುದಿಲ್ಲ ಎಂದು ವಾಪಸು ಕಳಿಸಿದ್ದರು. ಮಾತು ತೊದಲುತ್ತಿತ್ತು, ಆದರೆ ಕೇಳಿ ರೂಢಿಯಾದವರಿಗೆ ಅರ್ಥವಾಗುತ್ತಿತ್ತು.

"ಮಂಚ ಯಾಕಜ್ಜಿ ಆಚೆ ಬಂದಿದೆ?" ಅನಸೂಯ ಕೇಳಿದಳು.

"ನೀನೇ ಹೇಳು. ಓದಿರೋಳು ನೀನು."

"ರೇಷ್ಮೆ ಹುಳು ಸಾಕೋ ನಡುಮನೆಗೆ ಔಷಧಿ ಹೊಡೆದಿದ್ದಾರಂತೆ? ಘಾಟು ಅಂತೆ?"

ಕದಿರಮ್ಮ ಬಾಯಿಗೆ ಒತ್ತಿಕೊಂಡಿದ್ದ ಬಟ್ಟೆ ತೆಗೆದಳು. "ಯಾರೇ ಹೇಳಿದ್ದು, ಶಾಮಲಾನಾ? ಮೊಟ್ಟೆ ಒಡೆದು ಇನ್ನೂ ಪೊರೆ ಬಿಡೋ ಮೊದಲ್ನೇ ಜ್ವರಕ್ಕೆ ಕೂತಿಲ್ಲ ಹುಳ. ಎಳ್ಳಿನಷ್ಟಿದೆ. ಒಳಗೆ ಹುಳ ಇಟ್ಕೊಂಡು ಯಾವ ಮೂದೇವಿ ಔಷಧಿ ಹೊಡೀತಾಳೆ? ನನ್ನ ಸೊಸೆಗೆ ಸುಳ್ಳು ಹೇಳಾಕೂ ಬರಲ್ಲ ಕಣೇ."

"ಹಾಗಾದ್ರೆ ಯಾಕೆ?"

"ಹೊಗೆಸೊಪ್ಪು," ಎಂದಳು ಕದಿರಮ್ಮ. "ಇನ್ನೇನು?"

ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ. ಅದನ್ನು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಟ್ಟೆಯಲ್ಲಿನ ಹುಳು ಉಳಿಯುವುದಿಲ್ಲ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ಕದಿರಮ್ಮ ಮದುವೆಯಾಗಿ ಬಂದಾಗಿನಿಂದ ಅದನ್ನು ನೀರಿನ ಕಲ್ಲುಬಾನಿಯ ಪಕ್ಕ ನಿಂತೇ ಹಾಕುತ್ತಿದ್ದಳು. ಉಗಿದು, ಬಾಯಿ ಮುಕ್ಕಳಿಸಿ, ಕೈಗೆ ಸೀಗೆಪುಡಿ ಉಜ್ಜಿ, ಸೀರೆ ಬದಲಾಯಿಸಿ ಒಳಗೆ ಹೋಗುವುದು ಅವಳ ಕ್ರಮ. ಒಂದು ವರ್ಷ ರೇಷ್ಮೆ ಬೆಳೆ ಕೆಟ್ಟಾಗ ಗಂಡ ಊರವರ ಎದುರು ಅವಳ ಹೊಗೆಸೊಪ್ಪಿನ ಮೇಲೆ ತಪ್ಪು ಹೊರಿಸಿದ್ದ.

"ಬೆಂಗಳೂರಿಗೆ ಹೋದ ಮೇಲೆ ಒಂದು ಎಳೆ ಮುಟ್ಟಿಲ್ಲ ನಾನು. ದಿಂಬಿನ ಕೆಳಗೆ ಬಚ್ಚಿಟ್ಟಿದೀನಿ ಅಂತ ಅವರಿಗೆ ಅನುಮಾನ. ಬಾ, ಮೂಸಿ ನೋಡು." ಕದಿರಮ್ಮ ಎರಡೂ ಅಂಗೈ ಚಾಚಿದಳು.

ಅನಸೂಯ ಬಗ್ಗಿ ಮೂಸಿದಳು. ಹುಣ್ಣಿನ ವಾಸನೆ ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ.

"ನೀನು ಹೇಳಿದ್ರೆ ನಂಬ್ತಾರೆ. ಹೇಳು. ನನ್ನ ಒಳಗೆ ಹಾಕಲಿ. ನೋವು ತಡ್ಕೊಂತೀನಿ, ಚಳಿನೂ ತಡ್ಕೊಂತೀನಿ. ಕಳ್ಳಿ ಥರ ಆಚೆ ಬಿದ್ದಿರಾಕೆ ನನ್ನ ಕೈಲಾಗಲ್ಲ."

ಪೆದ್ದಪ್ಪ, ಕದಿರಮ್ಮನ ಮಗ, ಮನೆಯ ಹಿಂದಿನ ಹಿಪ್ಪುನೇರಳೆ ತೋಟದಲ್ಲಿ ಎಳೆ ಸೊಪ್ಪು ಕೊಯ್ಯುತ್ತಿದ್ದ. ಅನಸೂಯ ಹೇಳಿದ್ದನ್ನು ಕೇಳಿ ಕೈಯಲ್ಲಿದ್ದ ಸೊಪ್ಪನ್ನು ಹಾಗೆಯೇ ಹಿಡಿದು ನಿಂತ.

"ಹೊಗೆಸೊಪ್ಪಾ? ಯಾರಂದ್ರು ಹಂಗಂತ?"

"ಅವರೇ ಅಂದ್ಕೊಂಡಿದ್ದಾರೆ."

"ದೇವ್ರೇ," ಎಂದ ಪೆದ್ದಪ್ಪ. ಆಮೇಲೆ ದನಿ ತಗ್ಗಿಸಿದ. "ಪಂಚಕ ಮೇಡಂ. ನಾಳೆ ಬೆಳಿಗ್ಗೆಗೆ ಮುಗಿಯುತ್ತೆ."

ಚಂದ್ರ ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ನಕ್ಷತ್ರಗಳಲ್ಲಿರುವ ದಿನಗಳೇ ಪಂಚಕ. ಆಗ ಮನೆಯೊಳಗೆ ಯಾರಾದರೂ ಸತ್ತರೆ ಮನೆ ಬಿಡಬೇಕು; ಹೊರಗೆ ಸತ್ತರೆ ಬಿಡಬೇಕಿಲ್ಲ. ನಕ್ಷತ್ರ ನೋಡಿ ಮೂರು ತಿಂಗಳೋ ಆರು ತಿಂಗಳೋ ಬಾಗಿಲಿಗೆ ಮುಳ್ಳು ಬಡಿಯುತ್ತಾರೆ. ಚಂದ್ರ ಪ್ರತಿ ತಿಂಗಳೂ ಆ ಐದು ನಕ್ಷತ್ರಗಳನ್ನು ದಾಟುತ್ತಾನೆ. ಹಾಗಾಗಿ ತಿಂಗಳಿಗೊಮ್ಮೆ ಮಂಚ ಹೊರಗೆ ಬರುತ್ತಿತ್ತು, ಮತ್ತೆ ಒಳಗೆ ಹೋಗುತ್ತಿತ್ತು.

"ನಮ್ಮ ತಾತ ಹಂಗೇ ಹೋದ," ಪೆದ್ದಪ್ಪ ಹೇಳಿದ. "ಆರು ತಿಂಗಳು ಮಾವಿನ ತೋಪಲ್ಲಿ ಗುಡಿಸಲು ಹಾಕ್ಕೊಂಡಿದ್ವಿ. ಆಗ ವಾಂತಿಭೇದಿ ಬಂದು ನನ್ನ ತಂಗಿ ಒಬ್ಬಳು ಅಲ್ಲೇ ಹೋದ್ಲು. ಈಗ ನಡುಮನೆ ತುಂಬ ತಟ್ಟೆ. ಮನೆ ಮುಚ್ಚಿದ್ರೆ ಹುಳ ಎಲ್ಲಿಗೆ ತಗೊಂಡೋಗ್ಲಿ? ಮಕ್ಕಳನ್ನ ಎಲ್ಲಿಗೆ?"

"ಗುಡಿಸಲಲ್ಲಿ ನಿಮ್ಮಮ್ಮನೂ ಇದ್ದರಾ?"

"ಇದ್ಲಲ್ಲ. ಅವಳೇ ಅಡಿಗೆ ಮಾಡಿ ಹಾಕಿದ್ದು."

ಅನಸೂಯಳಿಗೆ ಲೆಕ್ಕ ತಪ್ಪಿದಂತಾಯಿತು. ಪಂಚಕದಿಂದಾಗಿ ಮಗಳನ್ನೇ ಕಳೆದುಕೊಂಡವಳಿಗೆ ತನ್ನ ಮಂಚ ಏಕೆ ಹೊರಗೆ ಬಂತು ಎಂದು ಹೊಳೆಯಲಿಲ್ಲವೇ? ಹೊಗೆಸೊಪ್ಪು ಮಾತ್ರ ಹೊಳೆಯಿತೇ?

"ಹಾಗಿದ್ರೆ ಅವರಿಗೆ ಗೊತ್ತಿರಬೇಕಲ್ಲ?"

"ಗೊತ್ತಿದ್ರೆ ಸುಮ್ನೆ ಇರ್ತಿದ್ಲಾ ನಮ್ಮಮ್ಮ? ನೀವು ಹೇಳ್ಬೇಡಿ ಮೇಡಂ. ಪಂಚಕ ಅಂದ್ರೆ, ನೀನು ಸಾಯ್ತೀಯ ಅಂತ ಕಾಯ್ತಿದೀವಿ ಅಂದಂಗಲ್ವಾ?" ಪೆದ್ದಪ್ಪ ಅವಳ ಮುಖ ನೋಡಿದ. "ನೀವು ಒಂದು ಹೇಳಿ. ನಾಳೆವರೆಗೆ ದಾಟ್ತಾಳಾ?"

"ಗೊತ್ತಾಗಲ್ಲ."

"ಅಷ್ಟು ಓದಿನೂ?"

"ಅಷ್ಟು ಓದಿನೂ."

ಅವಳು ಅಂಗಳಕ್ಕೆ ವಾಪಸು ಬಂದಾಗ ಕದಿರಮ್ಮ ಕಾಯುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ. ಹೊಗೆಸೊಪ್ಪಿನ ಅನುಮಾನ ಅವರಿಗಿಲ್ಲ."

"ಮತ್ತೆ ಎತ್ತಿ ಒಳಗೆ ಹಾಕ್ಲಿ."

"ನಾಳೆ ಹಾಕ್ತಾರಂತೆ."

"ನಾಳೆ ಯಾಕೆ? ಇವತ್ತಿಗೆ ಏನಾಗಿದೆ ರೋಗ?"

ಅನಸೂಯ ಮಾತ್ರೆಗಳನ್ನು ಎಣಿಸುವ ನೆಪ ಮಾಡಿದಳು. ವೈದ್ಯರ ನಿಯಮ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಮುದುಕಿ ಕೇಳುತ್ತಿದ್ದುದು ಸಾವಿನ ಪ್ರಶ್ನೆಯಲ್ಲ, ಮಂಚದ ಪ್ರಶ್ನೆ. ಉತ್ತರ ಮಾತ್ರ ಸಾವಿನದು. ಹೇಳಿದರೆ ಕೇಳದ್ದನ್ನು ಹೇಳಿದಂತೆ. ಹೇಳದಿದ್ದರೆ ಕಳ್ಳಿ ಎಂಬ ಭಾರ ಹಾಗೆಯೇ ಉಳಿಯುತ್ತದೆ. ಆ ದಿನ ಅವಳು ಏನೂ ಹೇಳದೆ ಶ್ರೀನಿವಾಸಪುರಕ್ಕೆ ಹೋಗಿ, ನೆಂಟರ ಮನೆಯಲ್ಲಿ ಉಳಿದುಕೊಂಡಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ಕದಿರಮ್ಮ ಬದುಕಿದ್ದಳು. ಅಂಗಳದಲ್ಲಿ ಅವಳ ತಮ್ಮ ಮುನಿಯಲ್ಲಪ್ಪ ಕುಳಿತಿದ್ದ. ಗಡಿಯಾಚೆಯ ಊರಿನವನು, ಅಕ್ಕನನ್ನು ನೋಡಲು ಹಿಂದಿನ ಸಂಜೆ ಬಂದಿದ್ದ. ಒಂಬತ್ತು ಗಂಟೆ ದಾಟಿದ ಮೇಲೆ ಪೆದ್ದಪ್ಪ ಮಂಚದ ತಲೆಕಡೆ ಹಿಡಿದ. ಅವನ ಹೆಂಡತಿ ಶಾಮಲಮ್ಮ ಮತ್ತು ಅನಸೂಯ ಕಾಲಕಡೆ ಹಿಡಿದರು. ಹೊಸಿಲ ಹತ್ತಿರ ಹೋಗುವಷ್ಟರಲ್ಲಿ ಮುನಿಯಲ್ಲಪ್ಪ ಎದ್ದು ಅಡ್ಡ ನಿಂತ.

"ಆಗರಾ, ನಿಲ್ಲು! ಯಾಡಿಕಿ, ಎಲ್ಲಿಗೆ ತಗೊಂಡೋಗ್ತೀಯ?"

"ಮುಗೀತಲ್ಲ ಮಾವ. ಒಂಬತ್ತಕ್ಕೇ ಮುಗೀತು."

"ಯಾವನು ಹೇಳಿದ್ದು? ಒಂದು ಗಂಟೆವರೆಗೂ ರೇವತಿ ಐತೆ."

"ನಮ್ಮ ಪಂಚಾಂಗದಲ್ಲಿ ಒಂಬತ್ತಕ್ಕೆ ಐತೆ. ಕೋಲಾರದಲ್ಲಿ ತಂದಿದ್ದು."

"ನಂದು ಮದನಪಲ್ಲಿದು. ಮಧ್ಯಾಹ್ನ ಒಂದು. ಬೇಕಾದ್ರೆ ನೋಡ್ಕೋ."

"ತೆಲುಗು ಪಂಚಾಂಗ ನಮ್ಮೂರಿಗೆ ನಡೆಯುತ್ತೇನ್ ಮಾವ?"

"ಏನ್ಲಾ, ಚಂದ್ರಂಗೆ ತೆಲುಗು ಕನ್ನಡ ಅಂತ ಐತಾ? ಇಳಿಸು ಕೆಳಗೆ!"

ಎರಡು ಪುಸ್ತಕಗಳಲ್ಲಿಯೂ ಅವರು ಹೇಳಿದ ಹಾಗೆಯೇ ಅಚ್ಚಾಗಿತ್ತು. ಅನಸೂಯ ಎರಡನ್ನೂ ಆಮೇಲೆ ನೋಡಿದಳು. ಎರಡನ್ನೂ ಗಣಿತ ಮಾಡಿಯೇ ಬರೆದಿದ್ದರು, ಆದರೆ ಬೇರೆ ಬೇರೆ ಪದ್ಧತಿಯ ಗಣಿತ. ಆ ಹೊತ್ತಿಗೆ ಮಾತ್ರ ಪಂಚಕ ಮುಗಿದಿದೆ ಎಂದು ಹೇಳುವಂತೆಯೂ ಇರಲಿಲ್ಲ, ಇದೆ ಎನ್ನುವಂತೆಯೂ ಇರಲಿಲ್ಲ. ಮಂಚ ಹೊಸಿಲ ಮುಂದೆ ಅವರ ಕೈಯಲ್ಲಿ ತೂಗುತ್ತಿತ್ತು. ಶಾಮಲಮ್ಮ ಗಂಡನಿಗೆ ಕಣ್ಣಿನಲ್ಲಿ ಸನ್ನೆ ಮಾಡಿದಳು. ತಡವಾಗಿತ್ತು.

"ಏಮಿರಾ ತಮ್ಮುಡೂ," ಎಂದು ಕದಿರಮ್ಮ ತಮ್ಮನನ್ನು ತೆಲುಗಿನಲ್ಲಿ ಕೇಳಿದಳು. "ಪಂಚಕಾನಾ?"

ಮುನಿಯಲ್ಲಪ್ಪ ಪೆದ್ದಪ್ಪನ ಕಡೆ ನೋಡಿದ.

"ಪೆದ್ದಾ, ನಿನ್ನೇ ಕೇಳ್ತಿರೋದು. ಪಂಚಕಕ್ಕಾ ನನ್ನ ಆಚೆ ಹಾಕಿದ್ದು? ಹೊಗೆಸೊಪ್ಪಿಗಲ್ವಾ?"

"ಅಲ್ಲಮ್ಮ," ಎಂದ ಪೆದ್ದಪ್ಪ. "ಹೊಗೆಸೊಪ್ಪಿಗಲ್ಲ."

ಈ ಗಳಿಗೆಯನ್ನು ಅನಸೂಯ ಬೇರೆ ಮನೆಗಳಲ್ಲಿ ಕಂಡಿದ್ದಳು. ಗೊತ್ತಾದ ಮೇಲೆ ಕೆಲವರು ಅಳುತ್ತಿದ್ದರು. ವಕ್ಕಲೇರಿಯಲ್ಲಿ ಒಬ್ಬರು ಗೋಡೆಯ ಕಡೆ ತಿರುಗಿ ಎರಡು ದಿನ ಮಾತು ಬಿಟ್ಟಿದ್ದರು. ಕದಿರಮ್ಮ ಮಾತ್ರ ಹುಣ್ಣಿನ ಕೆನ್ನೆ ಅವಕಾಶ ಕೊಟ್ಟಷ್ಟು ನಕ್ಕಳು.

"ಅಯ್ಯೋ ನಿನ್ನ ಮನೆ ಹಾಳಾಗ. ಬಾಯಿ ಬಿಟ್ಟು ಹೇಳಾಕೇನಾಗಿತ್ತು ನಿಂಗೆ? ನನ್ನ ಮಗನೇ ನನ್ನ ಕಳ್ಳಿ ಅಂದ್ಕೊಂಡ ಅಂತ ಹೋದ ತಿಂಗಳಿಂದ ಕೊರಗ್ತಿದೀನಿ. ಎತ್ರೋ. ಒಳಗೆ ಹಾಕ್ರಿ."

"ಅಕ್ಕಾ, ಇನ್ನೂ ಐತೆ ಅಂತಿದೀನಲ್ಲ," ಎಂದ ಮುನಿಯಲ್ಲಪ್ಪ.

"ನಿನ್ನ ಪುಸ್ತಕದಲ್ಲಿದ್ರೆ ನೀನು ಆಚೆ ಕೂತ್ಕೋ. ನಾನು ಮಗನ ಪುಸ್ತಕದ ಲೆಕ್ಕಕ್ಕೆ ಒಳಗೆ ಹೋಗ್ತೀನಿ. ಏನೇ ನಿಂತಿದೀಯ ಶಾಮಲಾ, ಹೊಸ್ಲು ಎಡವೀಯ, ನೋಡ್ಕೊಂಡು ನಡಿ."

ಮಂಚ ಒಳಗೆ ಹೋಯಿತು. ಮುನಿಯಲ್ಲಪ್ಪ ಚಪ್ಪರದ ಕೆಳಗೇ ಕುಳಿತ. ಕಾಫಿ ಕೊಟ್ಟರೂ ಮುಟ್ಟಲಿಲ್ಲ. ಆಗಾಗ ಬಾಗಿಲ ಕಡೆ ಕತ್ತು ಚಾಚಿ, "ಉಸಿರಾಡ್ತಾ ಇದಾಳಾ?" ಎಂದು ಕೇಳುತ್ತಿದ್ದ. "ಆಡ್ತಾ ಇದೀನಿ, ಸುಮ್ನಿರೋ," ಎಂದು ಒಳಗಿನಿಂದ ಕದಿರಮ್ಮನೇ ಹೇಳುತ್ತಿದ್ದಳು.

ನಡುಮನೆಯಲ್ಲಿ ತಟ್ಟೆಗಳ ಮೇಲೆ ಮೇಣದ ಕಾಗದ ಮುಚ್ಚಿತ್ತು. ಶಾಮಲಮ್ಮ ಒಂದೊಂದನ್ನೇ ತೆಗೆದು ಸಣ್ಣಗೆ ಹೆಚ್ಚಿದ ಸೊಪ್ಪು ಉದುರಿಸತೊಡಗಿದಳು. ಅನಸೂಯ ಹುಣ್ಣು ತೊಳೆದು ಬಟ್ಟೆ ಬದಲಾಯಿಸಿದಳು. ಈಗಲಾದರೂ ಕೇಳಬಹುದು ಎನಿಸಿತು.

"ಅಜ್ಜಿ, ಪಂಚಕ ಅಂದ್ರೆ ಯಾಕೆ ಆಚೆ ಹಾಕ್ತಾರೆ, ನಿಮಗೆ ಗೊತ್ತಲ್ವಾ?"

"ನಮ್ಮ ಮಾವ ಹೋದಾಗ ನೋಡಿದೀನಲ್ಲ." ಕದಿರಮ್ಮ ಕಂಬಳಿ ಎಳೆದುಕೊಂಡಳು. "ಮತ್ತೆ ಯಾವಾಗಂತೆ ಅದು ಬರೋದು? ಶಾಮಲಾ, ನಿನ್ನ ಗಂಡನ್ನ ಕೇಳೇ."

ಪೆದ್ದಪ್ಪ ಪುಟ ತಿರುವಿ ಮಾರ್ಚಿನ ದಿನ ಹೇಳಿದ. ಕದಿರಮ್ಮ ಬೆರಳು ಮಡಿಸಿ ಎಣಿಸಿದಳು.

"ಆ ಹೊತ್ತಿಗೆ ಈ ಹುಳ ಹಣ್ಣಾಗಿ ಗೂಡು ಕಟ್ತಾ ಇರುತ್ತೆ. ಚಂದ್ರಿಕೆಯೆಲ್ಲ ಅಂಗಳಕ್ಕೆ ಬರುತ್ತೆ," ಎಂದಳು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಹತ್ತಿಸುವ ಬಿದಿರಿನ ದೊಡ್ಡ ತಟ್ಟಿ. ಗಾಳಿ ಬೇಕೆಂದು ಹೊರಗೆ ಸಾಲಾಗಿ ನಿಲ್ಲಿಸುತ್ತಾರೆ. "ಅಂಗಳ ತುಂಬಿದ್ರೆ ನನ್ನ ಮಂಚ ಎಲ್ಲಿ ಹಾಕ್ತೀರಾ?"

"ಆಗ ನೋಡ್ಕೊಳ್ಳೋಣ ಬಿಡಿ ಅತ್ತೆ," ಎಂದಳು ಶಾಮಲಮ್ಮ.

"ಆಗ ನೋಡೋದೇನೇ? ಈಗ್ಲೇ ಹೇಳಿ. ಕೊಟ್ಟಿಗೆ ಬೇಡ, ನೊಣ. ಹುಣಸೆ ಮರದ ಕೆಳಗೆ ಇನ್ನೊಂದು ಚಪ್ಪರ ಹಾಕ್ರಿ. ಚಂದ್ರಿಕೆಗೂ ನೆರಳು ತಪ್ಪಲ್ಲ, ನಂಗೂ ತಪ್ಪಲ್ಲ."

ಪೆದ್ದಪ್ಪ ಜಾಗ ನೋಡಲು ಹೊರಗೆ ಹೋದ. ಅವನು ಅಳುತ್ತಿದ್ದನೋ ಅಳತೆ ಮಾಡಲು ಹೋದನೋ ಅನಸೂಯಳಿಗೆ ತಿಳಿಯಲಿಲ್ಲ. ಮಂಚದ ಮೇಲಿನ ಹೆಂಗಸು ತಾನು ಸಾಯುವ ಜಾಗ ಗೊತ್ತುಮಾಡುತ್ತಿದ್ದಾಳೋ, ಮಾರ್ಚಿನ ಪಂಚಕ ದಾಟಿ ಮತ್ತೆ ಒಳಗೆ ಬರುವ ಏರ್ಪಾಡು ಮಾಡುತ್ತಿದ್ದಾಳೋ, ಅದೂ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ವೈದ್ಯರು ಕೇಳುವುದು ಒಂದೇ ಮಾತು: ರೋಗಿಗೆ ಗೊತ್ತಿದೆಯೇ, ಇಲ್ಲವೇ?

"ಅಜ್ಜಿ," ಎಂದಳು ಅವಳು, "ಹುಣಸೆ ಮರದ ಕೆಳಗೆ ಯಾಕೆ ಮಲಗಬೇಕು ಅಂತ ಗೊತ್ತಲ್ವಾ ನಿಮಗೆ?"

"ಗೊತ್ತಿಲ್ದೆ ಏನೇ?" ಎಂದು ಕದಿರಮ್ಮ ಕಣ್ಣು ಮುಚ್ಚಿದಳು. "ಹುಳಕ್ಕೆ ಜಾಗ ಬೇಡ್ವಾ?"